ಬಣ್ಣ ಹಿಡಿಯದ ಎಡೆ

ರಾತ್ರಿ ಊಟ ಮುಗಿಸಿ, ಎದೆಯಲ್ಲಿ ಏನೋ ಉರಿಯೆಂದು ಹೇಳಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ‘ನಾನು ಬಡಿಸಿದ ಅನ್ನದಲ್ಲಿ ಏನಿತ್ತೋ!’ ಎಂದು ಆ ಮನೆಯಾಕೆ ವರ್ಷಗಟ್ಟಲೆ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಇಂತಹ ಮನೆಯನ್ನು ಕಾಣದ ಬೀದಿ ಯಾವುದು?

ಆಕೆಗೆ ಉತ್ತರ ಹೇಳಬೇಕಾದವನು ಶವಪರೀಕ್ಷೆಯ ವೈದ್ಯ. ಆದರೆ ಅವನ ಕಣ್ಣಿಗೂ ಮಿತಿಯುಂಟು. ಹೃದಯಾಘಾತದ ಗುರುತು ವಾಡಿಕೆಯ ಬಣ್ಣಗಳಲ್ಲಿ ಸ್ಪಷ್ಟವಾಗಿ ಮೂಡಬೇಕಾದರೆ ರೋಗಿಯು ಆಘಾತದ ಅನಂತರ ಹಲವು ಗಂಟೆ ಬದುಕಿರಬೇಕು. ಅದಕ್ಕೆ ಮುನ್ನವೇ ಪ್ರಾಣ ಹೋದರೆ, ಸೂಕ್ಷ್ಮದರ್ಶಕದಲ್ಲಿ ಆ ಸ್ನಾಯು ನಿರೋಗಿಯಂತೆಯೇ ತೋರೀತು.

ಇಲ್ಲಿ ನೆರವಿಗೆ ಬರುವುದು ಟ್ರೋಪೋನಿನ್ ಎಂಬ ಪ್ರೋಟೀನು. ಸ್ನಾಯುವಿನ ಸಂಕೋಚನವನ್ನು ಹತೋಟಿಯಲ್ಲಿಡುವ ಈ ವಸ್ತುವನ್ನು 1960ರ ದಶಕದಲ್ಲಿ ಗುರುತಿಸಿದವರು ಜಪಾನಿನ ಸೆತ್ಸುರೊ ಎಬಾಷಿ. ಹೃದಯದ ಟ್ರೋಪೋನಿನ್ನಿಗೆ ತನ್ನದೇ ಆದ ರೂಪಭೇದಗಳಿವೆ. ಒಂದು ವಸ್ತುವನ್ನೇ ಅರಸಿ ಹಿಡಿಯುವ ಪ್ರತಿಕಾಯಕ್ಕೆ ಬಣ್ಣ ಕಟ್ಟಿ ಕಳುಹಿಸುವ ಉಪಾಯ ಇನ್ನೂ ಹಳೆಯದು. 1939ರಲ್ಲಿ ಬರ್ಲಿನ್ನಿನಲ್ಲಿದ್ದ ಅಮೆರಿಕದ ವೈದ್ಯ ಆಲ್ಬರ್ಟ್ ಕೂನ್ಸ್ ಅವರಿಗೆ ಅದು ಹೊಳೆದದ್ದು, ಒಂದು ಬಗೆಯ ಜ್ವರದಿಂದ ಹೃದಯದಲ್ಲೇಳುವ ಗಂಟುಗಳನ್ನು ಕುರಿತು ಯೋಚಿಸುತ್ತಿದ್ದಾಗ. 1941ರಲ್ಲಿ ಅವರೂ ಸಂಗಡಿಗರೂ ಅದನ್ನು ಸಾಧಿಸಿ ತೋರಿಸಿದರು.

ಇಂದು ಹೃದಯದ ತೆಳುವಾದ ಸೀಳಿಗೆ ಟ್ರೋಪೋನಿನ್ನಿನ ಪ್ರತಿಕಾಯವನ್ನು ಸೋಂಕಿಸಿದರೆ, ಆರೋಗ್ಯವಂತ ಜೀವಕೋಶಗಳೆಲ್ಲ ಕಂದುಬಣ್ಣ ತಾಳುತ್ತವೆ. ಸತ್ತ ಕೋಶದ ಪೊರೆ ಹರಿದು ಪ್ರೋಟೀನು ಸೋರಿಹೋಗಿರುವುದರಿಂದ ಆ ಎಡೆ ಪೇಲವವಾಗಿ ಉಳಿಯುತ್ತದೆ. ವಾಡಿಕೆಯ ಬಣ್ಣ ಬಾಯಿ ಬಿಡುವ ಮೊದಲೇ ಈ ಬಣ್ಣವಿಲ್ಲದ ಎಡೆ ಸಾಕ್ಷಿ ನುಡಿಯಬಹುದು. ಆದರೂ ಇದೊಂದನ್ನೇ ನೆಚ್ಚುವಂತಿಲ್ಲ. ಶವ ಕೆಡತೊಡಗಿದರೆ ಬಣ್ಣ ತಾನಾಗಿಯೂ ಮಾಸುತ್ತದೆ. ಆಘಾತವಾದ ಕೆಲವೇ ನಿಮಿಷಗಳಲ್ಲಿ ಸಾವು ಬಂದಿದ್ದರೆ ಬಣ್ಣ ಕುಂದಿರುವುದೇ ಇಲ್ಲ. ಆದುದರಿಂದ ವಿವೇಕಿಯಾದ ವೈದ್ಯನು ರಕ್ತನಾಳಗಳನ್ನೂ ಇತರ ಕುರುಹುಗಳನ್ನೂ ಕೂಡಿಸಿ ನೋಡಿಯೇ ತೀರ್ಪು ಹೇಳುತ್ತಾನೆ.

ತೀರ್ಪಿನಿಂದ ಹೋದವರು ಮರಳಲಾರರು, ನಿಜ. ಆದರೆ ‘ಅಮ್ಮಾ, ನಿನ್ನ ಅನ್ನದ ತಪ್ಪಲ್ಲ’ ಎಂಬ ಒಂದು ಮಾತು ಆ ತಾಯಿಯ ಎದೆಯ ಭಾರವನ್ನು ಎಷ್ಟು ಇಳಿಸೀತು!

ವಾಚಕರು ಮರೆಯಬಾರದ ಸಂಗತಿ ಇನ್ನೊಂದಿದೆ. ಸ್ನಾಯುವಿನಿಂದ ಸೋರಿದ ಟ್ರೋಪೋನಿನ್ ಸೇರುವುದು ರಕ್ತವನ್ನು. ಆಸ್ಪತ್ರೆಯಲ್ಲಿ ರಕ್ತ ತೆಗೆದು ಅಳೆಯುವುದು ಇದನ್ನೇ. ಬದುಕಿರುವಾಗಲೇ ಸುಳಿವು ಕೊಡುವ ಸಾಕ್ಷಿಯಿರುವಾಗ, ಎದೆಯ ಉರಿಯನ್ನು ಅಜೀರ್ಣವೆಂದು ಬಗೆದು ಮಲಗಿಬಿಡುವುದು ತರವೇ?