ಬಡ್ತಿಯ ಲೆಕ್ಕದಲ್ಲಿ ಊರಿಗೆ ಜಾಗವಿಲ್ಲ

ವಿಶ್ವವಿದ್ಯಾಲಯಗಳ ಭಾಷಣಗಳಲ್ಲಿ ಸಮಾಜ ಮೊದಲು ಬರುತ್ತದೆ, ಬಡ್ತಿಯ ಕಡತದಲ್ಲಿ ಕೊನೆಗೆ. ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮಾವಳಿಯನ್ನೇ ತೆಗೆದು ನೋಡಿ. ಪಾಠ ಬಿಟ್ಟು ಅಧ್ಯಾಪಕರು ಮಾಡುವ ಉಳಿದ ಕೆಲಸಗಳನ್ನೆಲ್ಲ ಅದು ಏಳು ಬಾಬತ್ತುಗಳಲ್ಲಿ ಹಾಕಿದೆ. ಮುಖ್ಯಸ್ಥಿಕೆ, ವಾರ್ಡನ್‌ಗಿರಿಯಂಥ ಆಡಳಿತ ಒಂದು, ಪರೀಕ್ಷೆ ಕೆಲಸ ಇನ್ನೊಂದು, ವಿಚಾರ ಸಂಕಿರಣ, ಪಿಎಚ್.ಡಿ. ಮಾರ್ಗದರ್ಶನ, ಸಂಶೋಧನಾ ಯೋಜನೆ, ಪ್ರಬಂಧ ಪ್ರಕಟಣೆ ಒಂದೊಂದು. ಉಳಿದ ಒಂದರಲ್ಲಿ ವಿದ್ಯಾರ್ಥಿ ಸಂಘ, ಅಧ್ಯಯನ ಪ್ರವಾಸ, ಆಟೋಟ, ಎನ್‌ಸಿಸಿ, ಎನ್‌ಎಸ್‌ಎಸ್ ಎಲ್ಲ ಮುಗಿದ ಮೇಲೆ ಬಾಲಂಗೋಚಿಯಂತೆ ಎರಡು ಪದ: ಸಮುದಾಯ ಸೇವೆ. ಏಳರಲ್ಲಿ ಮೂರು ಮಾಡಿದರೆ 'ಉತ್ತಮ'. ಹಾಸ್ಟೆಲ್ ನೋಡಿಕೊಂಡು, ಪರೀಕ್ಷೆ ನಡೆಸಿ, ಒಂದು ಸಂಕಿರಣ ಮಾಡಿದವರು ಗೇಟು ದಾಟದೆಯೇ ಉತ್ತಮರಾಗಬಹುದು.

ಇದು ಮರೆವಿನಿಂದ ಆದದ್ದಲ್ಲ. ಬೋಧನೆ, ಸಂಶೋಧನೆಯ ಜೊತೆಗೆ ವಿಸ್ತರಣೆಯೂ ವಿಶ್ವವಿದ್ಯಾಲಯದ ಮೂರನೇ ಹೊಣೆ ಎಂದು ಇದೇ ಆಯೋಗ 1977ರಷ್ಟು ಹಿಂದೆಯೇ ಹೇಳಿತ್ತು. ಕನ್ನಡಿಗರಿಗೆ ಅದೂ ಹೊಸದಲ್ಲ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಕುವೆಂಪು ಅಧ್ಯಯನಾಂಗ, ಸಂಶೋಧನಾಂಗಗಳ ಸಾಲಿನಲ್ಲೇ ಪ್ರಸಾರಾಂಗವನ್ನು ನಿಲ್ಲಿಸಿದ್ದರು. ಅಂಗ ಎಂದರೆ ಅಂಗ, ತೊಡಿಸಿ ಬಿಚ್ಚುವ ಒಡವೆಯಲ್ಲ.

ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಎಲ್ಲರಿಗೂ ಗೊತ್ತು. ಆ ನೀರಿನ ಮೇಲೆ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಮಾನ್ಯ ಪತ್ರಿಕೆಯಲ್ಲಿ ಒಬ್ಬರೇ ಒಂದು ಪ್ರಬಂಧ ಬರೆದರೆನ್ನಿ: 8 ಅಂಕ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಇನ್ನಷ್ಟು. ಅದೇ ಅಧ್ಯಾಪಕರು ಹಳ್ಳಿಹಳ್ಳಿಗೆ ಹೋಗಿ, ಯಾವ ಬಾವಿಯ ನೀರನ್ನು ಮಕ್ಕಳಿಗೆ ಕುಡಿಸಬಾರದೆಂದು ತಿಳಿಸಿ, ಪಂಚಾಯಿತಿಯ ಮುಂದೆ ಕೂತು ಶುದ್ಧ ನೀರಿನ ಘಟಕ ಹಾಕಿಸಿದರೆ ಸಂಶೋಧನಾ ಅಂಕ ಸೊನ್ನೆ. ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ 10 ಪ್ರಕಟಣೆ, 120 ಸಂಶೋಧನಾ ಅಂಕ ಬೇಕು. ಪಂಚಾಯಿತಿಯಲ್ಲಿ ಕಳೆದ ಎರಡು ವರ್ಷ ಆ ಲೆಕ್ಕದಲ್ಲಿ ಹಾಳಾದ ಎರಡು ವರ್ಷ. ಬುದ್ಧಿವಂತರು ಹೋಗುವುದಿಲ್ಲ.

ಹೊರನಾಡಿನಲ್ಲಿ ಪೆಟ್ಟು ಇನ್ನೂ ನೇರ. ಮುಂಬಯಿ, ಮದ್ರಾಸ್ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಗೆ ಊರಿನ ಕನ್ನಡಿಗರೇ ಬೇರು. ಮನೆಯಲ್ಲಿ ಕನ್ನಡ ಮಾತಾಡಿ ಅಕ್ಷರ ಗೊತ್ತಿಲ್ಲದ ಮಕ್ಕಳಿಗೆ ಭಾನುವಾರ ಓದು ಕಲಿಸುವುದು, ವಲಸೆ ಬಂದ ಹಿರಿಯರ ನೆನಪು ಬರೆದಿಡುವುದು ಅಲ್ಲಿನ ಮೇಷ್ಟರಿಗೆ ಹವ್ಯಾಸವಲ್ಲ, ವಿಭಾಗ ಉಳಿಯುವ ದಾರಿ. ಬಡ್ತಿಯ ಅರ್ಜಿಯಲ್ಲಿ ಅದು ಒಂದು ಟಿಕ್ ಗುರುತು.

ಹಾಗಾದರೆ ಸೇವೆಗೂ ಅಂಕ ಕೊಟ್ಟುಬಿಡಿ ಎನ್ನುವವರಿದ್ದಾರೆ. ಅದೂ ಆಗಿಹೋಗಿದೆ. 2010ರ ಎಪಿಐ ಪದ್ಧತಿಯ ಎರಡನೇ ವರ್ಗದಲ್ಲಿ ವರ್ಷಕ್ಕೆ ಕನಿಷ್ಠ 15 ಅಂಕ ಗಳಿಸಬೇಕಿತ್ತು, ಎನ್‌ಎಸ್‌ಎಸ್, ವಿಸ್ತರಣಾ ಕೆಲಸ ಅದರಲ್ಲೇ ಸೇರಿತ್ತು. ಬೆಳೆದದ್ದು ಪ್ರಮಾಣಪತ್ರದ ಬೆಳೆ: ಬ್ಯಾನರ್, ಫೋಟೊ, ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಗಿಡ.

ಅದಕ್ಕೇ ಸೇವೆಯನ್ನು ಅಳೆಯಲಾಗದು, ಪುಢಾರಿಗಳ ಶಿಫಾರಸು ಪತ್ರ ಬಂದು ಬೀಳುತ್ತವೆ ಎಂಬ ತಕರಾರು. ಪ್ರಬಂಧದ ಕಥೆ ಏನಾಯಿತು? 2018ರ ಮೇ ತಿಂಗಳಲ್ಲಿ ಆಯೋಗವೇ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಆದರೂ ಪ್ರಬಂಧ ಎಣಿಸುವುದನ್ನು ಆಯೋಗ ಕೈಬಿಡಲಿಲ್ಲ, ಪಟ್ಟಿ ಶುದ್ಧಮಾಡಲು ಹೊರಟಿತು. ಆ ತಾಳ್ಮೆ ಊರಿನ ಕೆಲಸಕ್ಕೆ ಏಕಿಲ್ಲ? ಪಿಎಚ್.ಡಿ.ಗೆ ಹೊರಗಿನ ಪರೀಕ್ಷಕರು ಬರುವಂತೆ ಇದಕ್ಕೂ ಇಬ್ಬರು ಬರಲಿ. ಊರಿಗೇ ಹೋಗಿ ಕೇಳಲಿ: ಏನು ಬದಲಾಯಿತು, ಅಧ್ಯಾಪಕರು ಬರುವುದು ನಿಂತ ಮೇಲೂ ಅದು ನಡೆಯುತ್ತಿದೆಯೇ? ಉತ್ತರ ಗಟ್ಟಿಯಾಗಿದ್ದರೆ ಹತ್ತು ಪ್ರಕಟಣೆಗಳಲ್ಲಿ ಮೂರರ ಜಾಗ ಅದಕ್ಕೆ ಸಿಗಲಿ.

2025ರ ಜನವರಿಯ ಕರಡು ನಿಯಮಾವಳಿ ಸಮುದಾಯ ಸೇವೆಗೆ ಪ್ರತ್ಯೇಕ ಸಾಲು ಕೊಟ್ಟಿತು, ಮೆಚ್ಚಬೇಕಾದ್ದೇ. ಆದರೆ ಒಂಬತ್ತು ಬಗೆಯ ಕೊಡುಗೆಗಳಲ್ಲಿ ನಾಲ್ಕು ಸಾಕು ಎಂದಮೇಲೆ, ಬಿಡುವ ಐದರಲ್ಲಿ ಮೊದಲು ಸೇರುವುದು ಯಾವುದೆಂದು ಹೇಳಬೇಕಾಗಿಲ್ಲ. ಆ ಕರಡಿನ ವಿರುದ್ಧ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸೇರಿದ ರಾಜ್ಯಗಳ ಸಚಿವರ ದೊಡ್ಡ ಜಗಳ ಕುಲಪತಿಗಳ ನೇಮಕದ ಬಗ್ಗೆ. ಜಗಳ ನ್ಯಾಯವಾದದ್ದೇ. ಆಯೋಗಕ್ಕೆ ಮುಂದಿನ ಪತ್ರ ಬರೆಯುವಾಗ ಕುಲಪತಿಯ ಕುರ್ಚಿಯ ಕೆಳಗೆ, ಹಳ್ಳಿಗೆ ಬಸ್ಸು ಹತ್ತಿ ಹೋಗುವ ಸಹಾಯಕ ಪ್ರಾಧ್ಯಾಪಕರ ಪರವಾಗಿಯೂ ಅವರು ಒಂದು ಪ್ಯಾರಾ ಬರೆಯಲಿ.