ದಿಗ್ಬಂಧನವೆಂಬ ಮೆತ್ತನೆಯ ಮಾತು

ಯುದ್ಧಕ್ಕಿಂತ ಆರ್ಥಿಕ ದಿಗ್ಬಂಧನ ಮೇಲು, ಅದರಲ್ಲಿ ರಕ್ತಪಾತವಿಲ್ಲ ಎಂದು ವಾದಿಸುವ ವಿದ್ಯಾವಂತರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ನಾನು ಒಪ್ಪುವುದಿಲ್ಲ. ಕೋಟೆಗೆ ಮುತ್ತಿಗೆ ಹಾಕಿ ಒಳಗಿನವರನ್ನು ಹಸಿವಿನಿಂದ ಮಣಿಸುತ್ತಿದ್ದ ಹಳೆಯ ಯುದ್ಧಕ್ಕೇ ಇದು ಹೊಸ ಹೆಸರು. ಅಂದಿನ ಸೇನಾಪತಿ ಕೋಟೆಯ ಹೊರಗೆ ಬಿಸಿಲಲ್ಲಿ ನಿಲ್ಲಬೇಕಾಗಿತ್ತು. ಇಂದು ನ್ಯೂಯಾರ್ಕಿನಲ್ಲಿ ಕುಳಿತು ಕೈ ಎತ್ತಿದರೆ ಸಾಕು.

ಇರಾಕನ್ನೇ ನೋಡಿ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್ ಕುವೈತನ್ನು ನುಂಗಿದ. ಅದು ಶುದ್ಧ ಅನ್ಯಾಯ, ಎರಡು ಮಾತಿಲ್ಲ. ನಾಲ್ಕೇ ದಿನಗಳಲ್ಲಿ ಭದ್ರತಾ ಮಂಡಳಿ 661ನೆಯ ಗೊತ್ತುವಳಿಯ ಮೂಲಕ ಇರಾಕಿನ ಜತೆಗೆ ಆಕ್ರಮಿತ ಕುವೈತಿನ ವ್ಯಾಪಾರವನ್ನೂ ಕಟ್ಟಿಹಾಕಿತು. ಕುವೈತಿನಲ್ಲಿ ಸಿಕ್ಕಿಬಿದ್ದ ನಮ್ಮವರಿಗೆ ‘ವಿಶ್ವ ಸಿದ್ಧಿ’ ಹಡಗಿನಲ್ಲಿ ಆಹಾರ ಕಳುಹಿಸಲು ಭಾರತ ಸರಕಾರ ಆ ಮಂಡಳಿಯ ಸಮಿತಿಯ ಅಪ್ಪಣೆ ಪಡೆಯಬೇಕಾಯಿತು. ಹಸಿದವನಿಗೆ ಅನ್ನ ಹಾಕಲು ಪರವಾನಗಿ! ಕೊಲ್ಲಿಗೆ ಮಗನನ್ನು ಕಳುಹಿಸಿದ ಕಾಸರಗೋಡಿನ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1991ರ ಫೆಬ್ರವರಿಯಲ್ಲಿ ಕುವೈತ್ ಬಿಡುಗಡೆಯಾಯಿತು. ದಿಗ್ಬಂಧನ ಮಾತ್ರ 2003ರ ಮೇ ತಿಂಗಳವರೆಗೆ ಸಡಿಲಲಿಲ್ಲ. ಬಾಂಬು ಬಿದ್ದು ವಿದ್ಯುತ್ ಸ್ಥಾವರಗಳು ಹಾಳಾಗಿದ್ದವು. ಕರೆಂಟಿಲ್ಲದೆ ನೀರು ಶುದ್ಧೀಕರಿಸುವ ಘಟಕಗಳೂ ಚರಂಡಿಯ ಪಂಪುಗಳೂ ನಿಂತವು. ಬಿಡಿಭಾಗ ತರಿಸೋಣವೆಂದರೆ ಸಮಿತಿಯಲ್ಲಿ ಒಂದೇ ಒಂದು ದೇಶ ಬೇಡವೆಂದರೂ ಸಾಕು, ಸಾಮಾನು ಅಲ್ಲಿಗೇ ನಿಲ್ಲುತ್ತಿತ್ತು. ಔಷಧಕ್ಕೆ ವಿನಾಯಿತಿ ಇತ್ತಲ್ಲ ಎನ್ನುತ್ತಾರೆ. ಎಣ್ಣೆ ಮಾರಲು ಬಿಡದೆ ಔಷಧ ಕೊಳ್ಳಿರಿ ಎನ್ನುವುದು, ಕೈ ಕಟ್ಟಿ ಎಲೆಯ ಮುಂದೆ ಕೂರಿಸಿದ ಹಾಗೆ. 1996ರ ಕೊನೆಗೆ ‘ಆಹಾರಕ್ಕಾಗಿ ಎಣ್ಣೆ’ ಯೋಜನೆ ಶುರುವಾಯಿತು. ಇರಾಕಿನಲ್ಲಿ ಅದರ ಹೊಣೆ ಹೊತ್ತಿದ್ದ ವಿಶ್ವಸಂಸ್ಥೆಯ ಅಧಿಕಾರಿ ಡೆನಿಸ್ ಹ್ಯಾಲಿಡೇ ಮನಸ್ಸು ಒಪ್ಪದೆ 1998ರಲ್ಲಿ ರಾಜೀನಾಮೆಯಿತ್ತರು; ಅವರ ಜಾಗಕ್ಕೆ ಬಂದ ಹಾನ್ಸ್ ಫಾನ್ ಸ್ಪೊನೆಕ್ 2000ದಲ್ಲಿ ಅದೇ ದಾರಿ ಹಿಡಿದರು.

ಸತ್ತ ಮಕ್ಕಳು 5 ಲಕ್ಷ ಎಂಬ ಲೆಕ್ಕ ಆಗ ಪ್ರಚಾರದಲ್ಲಿತ್ತು. 2003ರ ಬಳಿಕದ ಸಮೀಕ್ಷೆಗಳ ಮುಂದೆ ಅದು ನಿಲ್ಲಲಿಲ್ಲ; ಅದನ್ನು ಬಿಟ್ಟೇಬಿಡೋಣ. ಆದರೆ 1996ರಲ್ಲಿ ಟೀವಿಯಲ್ಲಿ ಅದೇ ಲೆಕ್ಕವನ್ನು ಮುಂದಿಟ್ಟು ಕೇಳಿದಾಗ, ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಮೆಡೆಲಿನ್ ಆಲ್‌ಬ್ರೈಟ್ ಲೆಕ್ಕ ತಪ್ಪೆನ್ನಲಿಲ್ಲ. ಆ ಬೆಲೆ ತೆರಬಹುದಾದದ್ದೇ ಎಂದರು. ಆ ಮಾತಿಗಾಗಿ ಅವರು ಮುಂದೆ ಪಶ್ಚಾತ್ತಾಪಪಟ್ಟರೂ, ಅವರ ಸರಕಾರದ ನೀತಿ ಬದಲಾಗಲಿಲ್ಲ.

ದಕ್ಷಿಣ ಆಫ್ರಿಕದಲ್ಲಿ ಇದೇ ಅಸ್ತ್ರ ಫಲಿಸಿತಲ್ಲ ಎಂದು ಕೇಳುವವರುಂಟು. ಆ ದೇಶದೊಡನೆ 1946ರಲ್ಲೇ ವ್ಯಾಪಾರ ಕಡಿದುಕೊಂಡದ್ದು ಭಾರತ; ನನಗೆ ಅದರ ಹೆಮ್ಮೆಯಿದೆ. ಅಲ್ಲಿ ದಿಗ್ಬಂಧನ ಹಾಕಿರೆಂದು ಬೇಡಿದ್ದು ತುಳಿತಕ್ಕೊಳಗಾದ ಕರಿಯರ ಸಂಘಟನೆಯೇ. ಬಸ್ರಾದ ಗೃಹಿಣಿಯನ್ನು ಯಾರೂ ಕೇಳಿರಲಿಲ್ಲ. ದಿಗ್ಬಂಧನ ಬಂದ ತಿಂಗಳೊಪ್ಪತ್ತಿನಲ್ಲೇ ಸದ್ದಾಂ ರೇಷನ್ ಪದ್ಧತಿ ತಂದ. ಹಿಟ್ಟು, ಅಕ್ಕಿ, ಸಕ್ಕರೆ, ಚಹಾಪುಡಿ ಎಲ್ಲಕ್ಕೂ ಜನ ಅವನ ಸರಕಾರದ ಕಾರ್ಡನ್ನೇ ನಂಬಬೇಕಾಯಿತು. ಉಣ್ಣುವ ಅನ್ನ ಸರ್ವಾಧಿಕಾರಿಯ ಕೈಯಲ್ಲಿರುವಾಗ ಅವನ ವಿರುದ್ಧ ದಂಗೆಯೇಳುವವರು ಯಾರು? ಅವನ ಅರಮನೆಗಳು ಏಳುತ್ತಲೇ ಇದ್ದವು. 2003ರ ಏಪ್ರಿಲ್‌ನಲ್ಲಿ ಅವನು ಗದ್ದುಗೆ ಬಿಟ್ಟು ಓಡಿದ್ದು ಅಮೆರಿಕದ ಟ್ಯಾಂಕುಗಳು ಬಾಗ್ದಾದಿಗೆ ಬಂದ ಮೇಲೆ.