ಹಾರದ ಬಲೂನಿಗೆ ಬಹುಮಾನವೇಕೆ?



ಮಕ್ಕಳ ಕೈಗೆಲಸದ ಹೆಸರಿನಲ್ಲಿ ನಮ್ಮ ಸಮಾರಂಭಗಳಲ್ಲಿ ನಡೆಯುತ್ತಿರುವುದನ್ನು ಕುರಿತು ನಿಷ್ಠುರವಾಗಿಯೇ ನಾಲ್ಕು ಮಾತು ಹೇಳಬೇಕಾಗಿದೆ. ಅಂಗಡಿಯಿಂದ ತಂದ ಪೊಟ್ಟಣ. ಅದರಲ್ಲಿ ಮೊದಲೇ ಕತ್ತರಿಸಿಟ್ಟ ಬಲೂನಿನ ಚಿತ್ರ, ಬುಟ್ಟಿಗೆಂದು ಕಾಗದದ ಲೋಟ, ಮೋಡಕ್ಕೆ ಹತ್ತಿ. ಅಂಟಿಸುವವರು ಅಪ್ಪ, ಅಮ್ಮ. ಪಕ್ಕದಲ್ಲಿ ಆಕಳಿಸುತ್ತ ನಿಂತ ಮಗುವಿಗೆ ಬಹುಮಾನ! ಇದಕ್ಕೆ ಬಿಸಿಗಾಳಿ ಬಲೂನು ಎಂದು ಹೆಸರು. ಬಿಸಿಯೂ ಇಲ್ಲ, ಗಾಳಿಯೂ ಇಲ್ಲ.

‘ಚಿಕ್ಕ ಮಕ್ಕಳಿಗೆ ಇಷ್ಟು ಸಾಕು’ ಎನ್ನುವವರಿದ್ದಾರೆ. ಖಂಡಿತ ಸಾಲದು. 1783ರ ಜೂನ್ 4ರಂದು ಫ್ರಾನ್ಸಿನ ಆನೊನೆ ಊರಿನಲ್ಲಿ ಬಲೂನು ಹಾರಿಸಿ ತೋರಿಸಿದ ಮಾಂಟ್‌ಗಾಲ್ಫಿಯರ್ ಸಹೋದರರು ಕಾಗದ ತಯಾರಿಸುವ ಮನೆತನದವರು. ಮೇಲಕ್ಕೆತ್ತುವ ಶಕ್ತಿ ಹೊಗೆಯಲ್ಲಿದೆ ಎಂದೇ ಅವರು ನಂಬಿದ್ದರು. ಬಿಸಿಯಾದ ಗಾಳಿ ಹಿಗ್ಗಿ ಹಗುರವಾಗುತ್ತದೆ ಎಂಬ ಸರಿಯಾದ ವಿವರಣೆ ಅವರಲ್ಲಿರಲಿಲ್ಲ. ಬಲೂನು ಮಾತ್ರ ಹಾರಿತು. ಮೊದಲು ಕೈ, ಆಮೇಲೆ ಪಾಠ.

ನಿಜವಾದ ಬಲೂನು ಮಾಡುವುದೇನು ಬ್ರಹ್ಮವಿದ್ಯೆಯಲ್ಲ. ಉಡುಗೊರೆ ಸುತ್ತುವ ತೆಳು ಟಿಶ್ಯೂ ಕಾಗದವನ್ನು ಉದ್ದಕ್ಕೆ ಜೋಡಿಸಿ, ಎಲೆಯಾಕಾರದ ಎಂಟು ಪಟ್ಟಿ ಕತ್ತರಿಸಿ, ಅಂಚಿಗೆ ಅಂಚು ಅಂಟಿಸಿ, ಕೆಳಗೆ ಬಾಯಿ ಬಿಡಬೇಕು. ಅಡ್ಡಗಲ ನಾಲ್ಕು ಅಡಿಯಾದರೂ ಇರಲಿ. ಚಿಕ್ಕದು ಏಕೆ ಹಾರುವುದಿಲ್ಲ? ಅಡ್ಡಗಲ ಎರಡರಷ್ಟಾದರೆ ಕಾಗದದ ತೂಕ ನಾಲ್ಕರಷ್ಟು, ಒಳಗೆ ಹಿಡಿಯುವ ಗಾಳಿ ಎಂಟರಷ್ಟು. ಈ ಲೆಕ್ಕವನ್ನು ಮಗು ತಾನೇ ಕಂಡುಕೊಳ್ಳಲಿ.

ಬೆಂಕಿ ಮಾತ್ರ ಬೇಡ. ದೀಪಾವಳಿಗೆ ಉರಿಯುವ ಆಕಾಶದೀಪ ತೇಲಿಬಿಡೋಣ ಎನ್ನುವವರು ಗಮನಿಸಬೇಕು: ಅಮೆರಿಕದ ಹಲವು ರಾಜ್ಯಗಳಲ್ಲಿ ಅದು ನಿಷಿದ್ಧ. 2020ರ ಹೊಸ ವರ್ಷದ ರಾತ್ರಿ ಜರ್ಮನಿಯ ಕ್ರೇಫೆಲ್ಡ್ ಮೃಗಾಲಯದಲ್ಲಿ ಕೋತಿಗಳ ಮನೆ ಹೊತ್ತಿ, 30ಕ್ಕೂ ಹೆಚ್ಚು ಪ್ರಾಣಿಗಳು ಸತ್ತದ್ದು ಇಂಥ ದೀಪಗಳಿಂದಲೇ. ಕೂದಲು ಒಣಗಿಸುವ ಡ್ರೈಯರ್ ಸಾಕು. ಗಾಳಿ ಬೀಸದ, ತಣ್ಣನೆಯ ಸಭಾಂಗಣ ಸಾಕು.

ಇನ್ನೊಂದು ಮಾತು. ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಪ್ರತಿ ಸಭೆಯಲ್ಲೂ ಕೊರಗುತ್ತೇವೆ. ಮಡಚು, ಸವರು, ಒತ್ತಿ ಹಿಡಿ, ಇನ್ನೂ ಒಣಗಿಲ್ಲ, ಪೂರಿಯ ಹಾಗೆ ಉಬ್ಬಿತು ನೋಡು, ಈಗ ಬಿಡು! ಇಷ್ಟು ಕನ್ನಡ ಒಂದೇ ಮಧ್ಯಾಹ್ನ ಮಗುವಿನ ಕಿವಿಗೆ ಬೀಳುತ್ತದೆ, ಕೈಯಲ್ಲಿ ಉಳಿಯುತ್ತದೆ. ಪೊಟ್ಟಣದ ಮೇಲಿನ ಇಂಗ್ಲಿಷ್ ಸೂಚನೆ ಓದಿ ನಾವೇ ಅಂಟಿಸಿ ಮುಗಿಸಿದರೆ ಯಾವ ಭಾಷೆಯೂ ಬೆಳೆಯದು.

ಪದಾಧಿಕಾರಿಗಳಲ್ಲಿ ನನ್ನ ಆಗ್ರಹ ಇಷ್ಟೇ. ಮುಂದಿನ ಬಾರಿ ಪೊಟ್ಟಣದ ಹಣಕ್ಕೆ ಕಾಗದ, ಅಂಟು ತನ್ನಿ. ಡ್ರೈಯರ್ ಹಿಡಿಯುವುದಷ್ಟೇ ದೊಡ್ಡವರ ಕೆಲಸವಾಗಲಿ. ಅಂಟು ಬಿಟ್ಟು ಬಲೂನು ಮಗುಚಿದರೆ ಮಕ್ಕಳೇ ತೇಪೆ ಹಾಕಲಿ. ಚಂದದ ಬಲೂನಿಗೆ ಕೊಡುವ ಬಹುಮಾನ ನಿಲ್ಲಿಸಿ. ಎರಡನೆಯ ಸಲ ಪ್ರಯತ್ನಿಸಿದ ಮಗುವಿಗೆ ಕೊಡಿ.